ಸೂಕ್ಷ್ಮ ಚರ್ಮದವರಿಗೆ ವೈಬ್ರೇಟರ್, ಡೈಲೇಟರ್: ಯಾವುದು ಒಗ್ಗುತ್ತದೆ, ಯಾವುದು ಉರಿಸುತ್ತದೆ?

ತುಮಕೂರು, ತಿಪಟೂರು, ಶಿರಾ, ಪಾವಗಡ, ಎಲ್ಲೇ ಇರಲಿ, ಖಾಸಗಿ ಬಳಕೆಯ ವೈಬ್ರೇಟರ್ (ಲೈಂಗಿಕ ಸುಖಕ್ಕೆ ಬಳಸುವ, ಕಂಪಿಸುವ ಸಾಧನ) ಈಗ ಮೊಬೈಲಿನಲ್ಲೇ ಸಿಗುತ್ತದೆ. ಹೊರಗೆ ಏನೂ ಬರೆಯದ ಡಬ್ಬಿಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಮುಜುಗರ ತಪ್ಪಿತು, ಒಳ್ಳೆಯದೇ. ಆದರೆ ಕೊಳ್ಳುವ ಮೊದಲು ಮುಟ್ಟಿ ನೋಡಲು, ಮೂಸಿ ನೋಡಲು ಆಗುವುದಿಲ್ಲ. ಅನುಮಾನ ಬಂದರೆ ಕೇಳಲು ಅಂಗಡಿಯವರೂ ಇಲ್ಲ, ಮನೆಯವರನ್ನು ಕೇಳುವ ಹಾಗೂ ಇಲ್ಲ.

ಎಲ್ಲರಿಗೂ ಇದರಿಂದ ತೊಂದರೆ ಆಗುತ್ತದೆ ಎಂದಲ್ಲ. ಆದರೆ ಇಸುಬು ಇರುವವರು, ಸೋಪು ಬದಲಾಯಿಸಿದರೆ ಸಾಕು ಮೈ ಕೆಂಪಾಗುವವರು, ಇಮಿಟೇಶನ್ ಓಲೆ ಹಾಕಿದರೆ ಕಿವಿ ಸೋರುವವರು ನಮ್ಮ ನಡುವೆ ತುಂಬಾ ಜನ ಇದ್ದಾರೆ. ಅವರಿಗೆ ವಸ್ತುವಿನ ಆಯ್ಕೆ ತಪ್ಪಿದರೆ ವಾರಗಟ್ಟಲೆ ಉರಿ, ತುರಿಕೆ. ಯಾರಿಗೂ ಹೇಳಿಕೊಳ್ಳಲಾಗದ ಜಾಗದಲ್ಲಿ ಬೇರೆ.

ಇನ್ನೊಂದು ಮಾತು. ಇವನ್ನು ಸುಖಕ್ಕಾಗಿ ಕೊಳ್ಳುವವರು ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ. ವೈದ್ಯರೇ ಹೇಳಿ ಕೊಳ್ಳುವವರೂ ಇದ್ದಾರೆ. ಮಿಲನದ ಹೊತ್ತಿಗೆ ಯೋನಿಯ ಸುತ್ತಲಿನ ಸ್ನಾಯು ತಾನಾಗಿ ಬಿಗಿದುಕೊಂಡು ತಡೆಯಲಾಗದ ನೋವು ಕೊಡುವ ಸಮಸ್ಯೆ ಕೆಲವರಿಗೆ ಇರುತ್ತದೆ. ಇದಕ್ಕೆ ವಜೈನಿಸ್ಮಸ್ ಎನ್ನುತ್ತಾರೆ. ಇಂಥವರಿಗೆ ಡೈಲೇಟರ್, ಅಂದರೆ ಯೋನಿಯನ್ನು ನಿಧಾನವಾಗಿ ಹಿಗ್ಗಿಸುವ ನುಣುಪಾದ ಕಡ್ಡಿಯಂಥ ಸಾಧನಗಳ ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಸೆಟ್ ಬಳಸಲು ಸ್ತ್ರೀರೋಗ ತಜ್ಞರು ಹೇಳುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಆದ ಮೇಲೆ ಯೋನಿ ಕಿರಿದಾಗದಿರಲಿ ಎಂದೂ ಇದನ್ನೇ ಹೇಳುತ್ತಾರೆ. ಹೀಗೆ ಬಳಸುವವರ ಚರ್ಮ ಮೊದಲೇ ನೊಂದಿರುತ್ತದೆ. ಅವರಿಗಂತೂ ಈ ಮಾಹಿತಿ ಬೇಕೇ ಬೇಕು.

ಅಲ್ಲಿಯ ಚರ್ಮ ಯಾಕೆ ಬೇರೆ?

ನಮ್ಮ ಮೈ ಚರ್ಮದ ಹೊರಗಡೆ ಸತ್ತ ಕೋಶಗಳ ಒಂದು ಒಣ ಪದರ ಇರುತ್ತದೆ. ಅಂಗೈ, ಅಂಗಾಲಿನಲ್ಲಿ ಅದು ತುಂಬಾ ದಪ್ಪ. ಹೊರಗಿನ ರಾಸಾಯನಿಕ ಒಳಗೆ ಹೋಗದಂತೆ, ಒಳಗಿನ ನೀರು ಹೊರಗೆ ಬರದಂತೆ ತಡೆಯುವುದು ಇದೇ ಪದರ. ಯೋನಿಯ ಒಳಗೋಡೆಯಲ್ಲಿ ಈ ಒಣ ಪದರ ಇಲ್ಲ. ಅದರ ಬಾಗಿಲ ಬಳಿಯ ಒಳತುಟಿಗಳಲ್ಲಿ ತೀರಾ ತೆಳು. ಗಂಡಸರಲ್ಲಿ ಮುಂದೊಗಲಿನ ಒಳಭಾಗವೂ ನಾಜೂಕು. ಗುದದ್ವಾರದಲ್ಲಿ ಚರ್ಮ ಮಡಿಕೆ ಮಡಿಕೆಯಾಗಿರುತ್ತದೆ, ಯೋನಿಯ ಹಾಗೆ ತಾನಾಗಿ ಒದ್ದೆಯಾಗುವುದೂ ಇಲ್ಲ. ಹಾಗಾಗಿ ಅಲ್ಲಿ ತಿಕ್ಕಾಟದಿಂದ ಬೇಗ ಬಿರುಕು ಬಿಡುತ್ತದೆ.

ಯೋನಿಗೆ ಅದರದೇ ಒಂದು ರಕ್ಷಣೆ ಇದೆ. ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತಾ ಇರುತ್ತವೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಅಲ್ಲಿಯ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 3.8ರಿಂದ 4.5. ಅಂದರೆ ಸ್ವಲ್ಪ ಹುಳಿ. ಬೇಡದ ಕ್ರಿಮಿಗಳಿಗೆ ಈ ಹುಳಿ ಆಗಿಬರುವುದಿಲ್ಲ. ಮೈಗೆ ಹಚ್ಚುವ ಮಾಮೂಲಿ ಸೋಪಿನ ಪಿಎಚ್ 9ರಿಂದ 10. ಒಳಗೆ ಸೋಪು ಹಾಕಿ ತೊಳೆದರೆ ಈ ಹುಳಿತನ ಕೆಡುತ್ತದೆ, ಕಾವಲೂ ತಪ್ಪುತ್ತದೆ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಹೊರಗೆ ಬರೀ ನೀರು ಸಾಕು.

ಮುಟ್ಟು ನಿಂತವರಲ್ಲಿ, ಎದೆಹಾಲು ಕುಡಿಸುತ್ತಿರುವ ತಾಯಂದಿರಲ್ಲಿ ಈಸ್ಟ್ರೊಜೆನ್ ಹಾರ್ಮೋನು ಕಡಿಮೆ ಇರುತ್ತದೆ. ಆಗ ಯೋನಿಯ ಗೋಡೆ ಇನ್ನೂ ತೆಳುವಾಗುತ್ತದೆ, ಒಣಗುತ್ತದೆ. ಮೊದಲು ಯಾವ ತೊಂದರೆಯೂ ಕೊಡದ ವಸ್ತು ಈಗ ಉರಿಸಿದರೆ ಆಶ್ಚರ್ಯವಿಲ್ಲ. ವಸ್ತು ಅದೇ, ಚರ್ಮ ಬದಲಾಗಿದೆ.

ಉರಿಯಲ್ಲಿ ಎರಡು ಬಗೆ

"ನನಗೆ ಅಲರ್ಜಿ" ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ನಿಜವಾಗಿ ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಯಾವುದು ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲನೆಯದು ಬರೀ ಕಿರಿಕಿರಿ. ತಿಕ್ಕಾಟ, ಸೋಪು, ಜಾರಲೆಂದು ಹಚ್ಚುವ ಘಾಟಿನ ಜೆಲ್, ಒರಟು ಅಂಚು, ಇವು ಚರ್ಮವನ್ನು ನೇರವಾಗಿ ನೋಯಿಸುತ್ತವೆ. ಯಾರಿಗೆ ಬೇಕಾದರೂ ಆಗಬಹುದು, ತೆಳು ಚರ್ಮದವರಿಗೆ ಬೇಗ ಆಗುತ್ತದೆ. ಬಳಸುವಾಗಲೇ ಅಥವಾ ಕೆಲವೇ ಗಂಟೆಗಳಲ್ಲಿ ಉರಿ ಶುರುವಾಗುತ್ತದೆ. ಬಳಸಿದಷ್ಟು ಜಾಗದಲ್ಲಿ ಮಾತ್ರ ಇರುತ್ತದೆ. ನಿಲ್ಲಿಸಿದರೆ ಇಳಿಯುತ್ತದೆ. ಹೆಚ್ಚಿನವರ ಕಥೆ ಇದೇ.

ಎರಡನೆಯದು ನಿಜವಾದ ಅಲರ್ಜಿ. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಒಂದು ರಾಸಾಯನಿಕವನ್ನು ಶತ್ರು ಎಂದು ಗುರುತು ಹಾಕಿಕೊಂಡಿರುತ್ತದೆ. ಇದರ ಉದಾಹರಣೆ ನಮ್ಮ ಹೊಲದ ಬದುವಿನಲ್ಲೇ ಇದೆ. ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಎನ್ನುವುದು. ವರ್ಷಗಟ್ಟಲೆ ಕಿತ್ತರೂ ಏನೂ ಆಗದ ರೈತನಿಗೆ ಒಂದು ದಿನ ಕತ್ತು, ಕೈ, ರೆಪ್ಪೆ ಎಲ್ಲ ಊದಿಕೊಂಡು ತುರಿಕೆ ಹತ್ತುತ್ತದೆ. ಆಮೇಲೆ ಗಿಡದ ಹತ್ತಿರ ಹೋದರೂ ಸಾಕು, ಮತ್ತೆ ಬರುತ್ತದೆ. ಅವನ ಪಕ್ಕದಲ್ಲೇ ಕಳೆ ಕೀಳುವವನಿಗೆ ಏನೂ ಇಲ್ಲ. ನಿಕ್ಕಲ್, ಸುಗಂಧದ್ರವ್ಯ, ರಬ್ಬರಿಗೆ ಹಾಕುವ ರಾಸಾಯನಿಕ, ಜೆಲ್ ಕೆಡದಂತೆ ಹಾಕುವ ಸಂರಕ್ಷಕ, ಇವೆಲ್ಲ ಕೆಲಸ ಮಾಡುವುದೂ ಇದೇ ರೀತಿ. ಮುಟ್ಟಿದ ಕೂಡಲೇ ಗೊತ್ತಾಗುವುದಿಲ್ಲ. ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಕಳೆದು ತುರಿಕೆ ಬರುತ್ತದೆ. ಅದಕ್ಕೇ ಜನ ಕಾರಣವನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಶನಿವಾರ ಬಳಸಿದ ಜೆಲ್ ಮರೆತುಹೋಗಿರುತ್ತದೆ, ಸೋಮವಾರ ತಿಂದ ಬದನೆಕಾಯಿ ಮೇಲೆ ಅನುಮಾನ ಬರುತ್ತದೆ.

ಮೂರನೆಯದೂ ಒಂದಿದೆ, ಅಪರೂಪ. ಲೇಟೆಕ್ಸ್ ರಬ್ಬರಿನ ಪ್ರೋಟೀನಿಗೆ ಆಗುವ ತಕ್ಷಣದ ಅಲರ್ಜಿ. ಇದು ಅಪಾಯದ್ದು. ಮುಂದೆ ಬೇರೆಯಾಗಿ ಹೇಳುತ್ತೇನೆ.

ಯಾವುದರಿಂದ ಮಾಡಿದ್ದು?

ಬಣ್ಣ, ಆಕಾರ, ಎಷ್ಟು ಸ್ಪೀಡು ಇದೆ, ಇವೆಲ್ಲ ಆಮೇಲೆ. ಮೊದಲ ಪ್ರಶ್ನೆ ಇದು. ಉತ್ತರ ಹುಡುಕುವಾಗ ಎರಡು ಸಂಗತಿ ನೋಡಬೇಕು. ಆ ವಸ್ತುವಿನಿಂದ ಏನಾದರೂ ಹೊರಗೆ ಒಸರುತ್ತದೆಯೇ? ಹೊರಗಿನದ್ದನ್ನು ಅದು ಹೀರಿಕೊಳ್ಳುತ್ತದೆಯೇ?

ಹೀರಿಕೊಳ್ಳುವುದು ಅಂದರೆ ಏನು? ಮಣ್ಣಿನ ಮಡಕೆ ಮತ್ತು ಸ್ಟೀಲ್ ಲೋಟ ನೆನಪು ಮಾಡಿಕೊಳ್ಳಿ. ಮಡಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಮ್ಮೆ ಮೀನು ಸಾರು ಮಾಡಿದರೆ ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ. ಸ್ಟೀಲ್ ಲೋಟ ತೊಳೆದರೆ ಮುಗಿಯಿತು. ವೈಬ್ರೇಟರ್, ಡೈಲೇಟರ್‌ಗಳಲ್ಲೂ (ಮಾರುವವರು ಮಸಾಜರ್ ಎನ್ನುವುದು ಇವನ್ನೇ) ಎರಡು ಜಾತಿ ಇವೆ. ರಂಧ್ರ ಇರುವವುಗಳಲ್ಲಿ ಬೆವರು, ಜೆಲ್, ಬ್ಯಾಕ್ಟೀರಿಯಾ, ಬೂಷ್ಟು ಸೇರಿಕೊಳ್ಳುತ್ತವೆ. ತೊಳೆದರೂ ಪೂರ್ತಿ ಹೋಗುವುದಿಲ್ಲ.

ರಂಧ್ರ ಇಲ್ಲದ ಜಾತಿಯಲ್ಲಿ ಸೂಕ್ಷ್ಮ ಚರ್ಮದವರಿಗೆ ಮೊದಲು ಹೇಳಬೇಕಾದದ್ದು ಸಿಲಿಕೋನ್. ಮೆತ್ತಗಿರುತ್ತದೆ, ಆದರೆ ಮೆತ್ತಗಾಗಲು ಅದಕ್ಕೆ ಎಣ್ಣೆಯಂಥ ಬೇರೆ ದ್ರವ ಬೆರೆಸಬೇಕಿಲ್ಲ. ಬಿಸಿ ತಡೆಯುತ್ತದೆ. ವಾಸನೆ ಇರುವುದಿಲ್ಲ. ವಿವರದಲ್ಲಿ "ಮೆಡಿಕಲ್ ಗ್ರೇಡ್" ಅಥವಾ "ಪ್ಲಾಟಿನಂ ಕ್ಯೂರ್ಡ್" ಎಂದು ಬರೆದಿರುತ್ತಾರೆ. ಸಿಲಿಕೋನನ್ನು ಗಟ್ಟಿಯಾಗಿಸಲು ಪ್ಲಾಟಿನಂ ಬಳಸಿದರೆ ಬೇಡದ ಉಳಿಕೆ ಕಡಿಮೆ. ಪೆರಾಕ್ಸೈಡ್ ಬಳಸಿದರೆ ಸ್ವಲ್ಪ ಉಳಿಯಬಹುದು. ಆದರೆ ಬರೀ "ಸಿಲಿಕೋನ್ ಫೀಲ್", "ಸಿಲಿಕೋನ್ ಮಿಶ್ರಣ" ಅಂತಿದ್ದರೆ ಅದು ಸಿಲಿಕೋನ್ ಅಂತ ನಂಬಬೇಡಿ.

ಬೋರೊಸಿಲಿಕೇಟ್ ಗಾಜು ಇನ್ನೊಂದು ಒಳ್ಳೆಯ ಆಯ್ಕೆ. ಲ್ಯಾಬಿನ ಬೀಕರುಗಳಿಗೆ ಬಳಸುವ ಗಾಜು ಇದೇ. ಏನನ್ನೂ ಹೀರುವುದಿಲ್ಲ, ಏನನ್ನೂ ಬಿಡುವುದಿಲ್ಲ. ತುಂಬಾ ನುಣುಪು, ಕಡಿಮೆ ಜೆಲ್ ಸಾಕು. ಅಲರ್ಜಿ ಜಾಸ್ತಿ ಇರುವವರಿಗೆ ಇದಕ್ಕಿಂತ ನಿರುಪದ್ರವಿ ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ. ಕೆಳಗೆ ಬಿದ್ದರೆ ಮಾತ್ರ ಚೂರು ಏಳದಿದ್ದರೂ ಬೆಳಕಿಗೆ ಹಿಡಿದು ಬಿರುಕು ನೋಡಬೇಕು. ಅನುಮಾನ ಬಂದರೆ ಎಸೆಯಬೇಕು.

ಸ್ಟೇನ್‌ಲೆಸ್ ಸ್ಟೀಲೂ ಹೀಗೇ. ಒಂದು ಎಚ್ಚರಿಕೆ ಇದೆ: ನಿಕ್ಕಲ್. 316 ಎಂಬ ದರ್ಜೆಯ ಸ್ಟೀಲಿನಲ್ಲಿ ಶೇ 10ರಿಂದ 14ರಷ್ಟು ನಿಕ್ಕಲ್ ಇರುತ್ತದೆ. ಅದು ಲೋಹದಲ್ಲಿ ಬಿಗಿಯಾಗಿ ಸೇರಿಕೊಂಡಿರುವುದರಿಂದ ಹೊರಗೆ ಬರುವುದು ತೀರಾ ಕಡಿಮೆ. ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೆ ಇಮಿಟೇಶನ್ ಓಲೆ, ಜೀನ್ಸ್ ಗುಂಡಿ, ವಾಚಿನ ಪಟ್ಟಿ ತಾಗಿದ ಕಡೆ ತುರಿಕೆ ಬರುವವರು ಸ್ಟೀಲ್ ಬಿಟ್ಟು ಗಾಜು ಅಥವಾ ಸಿಲಿಕೋನ್ ಆರಿಸಿಕೊಂಡರೆ ನಿಶ್ಚಿಂತೆ. ಅಗ್ಗದ ಲೋಹಕ್ಕೆ ಹೊಳಪು ಲೇಪ ಕೊಟ್ಟಿರುವುದನ್ನಂತೂ ಯಾರೂ ಕೊಳ್ಳಬಾರದು. ಲೇಪ ಸವೆದ ಮೇಲೆ ಅಡಿಯಲ್ಲಿ ಏನಿದೆಯೋ ಅದೇ ತಾಗುವುದು. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಪರವಾಗಿಲ್ಲ. ಹೆಲ್ಮೆಟ್ಟಿನ ಹೊರಕವಚಕ್ಕೂ ಅದನ್ನು ಬಳಸುತ್ತಾರೆ. ಹೊರಗಿನ ಬಳಕೆಯ ಸಣ್ಣ ವೈಬ್ರೇಟರ್‌ಗಳು ಸಾಮಾನ್ಯವಾಗಿ ಇದರಿಂದ ಆಗಿರುತ್ತವೆ.

ಈಗ ಬೇಡದ್ದು. "ಜೆಲ್ಲಿ", "ಸಾಫ್ಟ್ ರಬ್ಬರ್", "ರಿಯಲ್ ಸ್ಕಿನ್" ಎಂಬ ಹೆಸರಿನಲ್ಲಿ ಅಗ್ಗಕ್ಕೆ ಬರುವವು ಹೆಚ್ಚಾಗಿ ಪಿವಿಸಿ ಅಥವಾ ಟಿಪಿಇ ಎಂಬ ರಬ್ಬರಿನಂಥ ಮೆತ್ತನೆ ಪ್ಲಾಸ್ಟಿಕ್. ಪಿವಿಸಿ ಮೂಲದಲ್ಲಿ ಗಟ್ಟಿ. ನಮ್ಮ ಬೋರ್‌ವೆಲ್ ಪೈಪು ಅದರದ್ದೇ. ಅದನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸುವುದುಂಟು. ಅದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿರುವುದಿಲ್ಲ, ಸುಮ್ನೆ ನಡುವೆ ಕೂತಿರುತ್ತದೆ. ಹಾಗಾಗಿ ನಿಧಾನವಾಗಿ ಒಸರುತ್ತದೆ. ಮೇಲ್ಮೈ ಅಂಟಂಟು, ಮೂಗಿಗೆ ಹೊಡೆಯುವ ವಾಸನೆ, ಇವು ಹೀಗೆ ಏನೋ ಒಸರುತ್ತಿದೆ ಎನ್ನುವುದರ ಗುರುತು. ಕೆಲವು ಥ್ಯಾಲೇಟ್‌ಗಳು ಹಾರ್ಮೋನಿನ ಕೆಲಸಕ್ಕೆ ಅಡ್ಡಿ ಮಾಡಬಲ್ಲವು ಎಂಬ ಕಾರಣಕ್ಕೆ ಯುರೋಪಿನಲ್ಲಿ ಮಕ್ಕಳ ಆಟಿಕೆಗಳಲ್ಲಿ ಅವು ಶೇ 0.1 ದಾಟುವಂತಿಲ್ಲ. 2006ರಲ್ಲಿ ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ ದೊಡ್ಡವರ ಲೈಂಗಿಕ ಆಟಿಕೆಗಳನ್ನು ಪರೀಕ್ಷೆ ಮಾಡಿಸಿದಾಗ ಅವುಗಳಲ್ಲೂ ಥ್ಯಾಲೇಟ್ ಸಿಕ್ಕಿತ್ತು.

ಟಿಪಿಇಯಲ್ಲಿ ಥ್ಯಾಲೇಟ್ ಇಲ್ಲದಿರಬಹುದು, ಆದರೆ ರಂಧ್ರ ಇದ್ದೇ ಇದೆ. ಕುದಿಸಿದರೆ ಕರಗಿ ಆಕಾರ ಕೆಡುತ್ತದೆ. ಇಂಥದ್ದು ಈಗಾಗಲೇ ಕೈಯಲ್ಲಿದ್ದರೆ ಪ್ರತಿ ಸಲ ಹೊಸ ಕಾಂಡೋಮ್ ಹಾಕಿ ಬಳಸಿ, ಬೇರೆಯವರ ಜೊತೆ ಹಂಚಿಕೊಳ್ಳಬೇಡಿ. ಬಣ್ಣ ಮಾಸಿದರೆ, ಅಂಟು ಬಂದರೆ ಎಸೆಯಿರಿ.

ಬಲೂನ್ ಊದಿದಾಗ ತುಟಿ ಊದುತ್ತದೆಯೇ?

ರಬ್ಬರ್ ಮರದ ಹಾಲಿನಿಂದ ಮಾಡಿದ್ದು ಲೇಟೆಕ್ಸ್. ಹೆಚ್ಚಿನ ಕಾಂಡೋಮ್, ಬಲೂನು, ಅಗ್ಗದ ಕೈಗವಸು ಎಲ್ಲ ಇದೇ. ಅದರಲ್ಲಿರುವ ಪ್ರೋಟೀನು ಕೆಲವರಿಗೆ ಆಗುವುದಿಲ್ಲ. ಬಲೂನ್ ಊದಿದಾಗ ತುಟಿ ದಪ್ಪಗಾಗುವುದು, ರಬ್ಬರ್ ಗ್ಲೌಸ್ ಹಾಕಿದ ನಿಮಿಷಗಳಲ್ಲೇ ಕೈ ತುಂಬಾ ಗಂದೆ ಏಳುವುದು ಇದರ ಸುಳಿವು. ಇನ್ನೊಂದು ಸುಳಿವು ಊಟದಲ್ಲಿದೆ. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣುಗಳಲ್ಲಿ ಲೇಟೆಕ್ಸನ್ನು ಹೋಲುವ ಪ್ರೋಟೀನುಗಳಿವೆ. ಪರಂಗಿ, ಟೊಮೆಟೊದಲ್ಲೂ ಸ್ವಲ್ಪ ಮಟ್ಟಿಗೆ ಇವೆ. ಇವನ್ನು ತಿಂದರೆ ಬಾಯಿ, ಗಂಟಲು ತುರಿಸುವವರು ಲೇಟೆಕ್ಸ್ ವಿಷಯದಲ್ಲಿ ಹುಷಾರಾಗಿರಬೇಕು.

ಇಂಥವರು ಪಾಲಿಯುರೆಥೇನ್ ಅಥವಾ ಪಾಲಿಐಸೊಪ್ರೀನ್ ಕಾಂಡೋಮ್ ಕೇಳಿ ಪಡೆಯಬೇಕು. ಎರಡರಲ್ಲೂ ಆ ಪ್ರೋಟೀನು ಇಲ್ಲ. ಬಳಸಿದ ಕೂಡಲೇ ಮುಖ ಊದಿದರೆ, ಉಸಿರಾಡಲು ಕಷ್ಟವಾದರೆ ಕಾಯುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ.

ತಿಪಟೂರಿನ ಕೊಬ್ಬರಿ ಎಣ್ಣೆಯೂ ಅಂಗಡಿಯ ಜೆಲ್ಲೂ

ಅನುಮಾನ ಎಲ್ಲಾ ವಸ್ತುವಿನ ಮೇಲೇ ಬೀಳುತ್ತದೆ. ಆದರೆ ಉರಿಗೆ ಕಾರಣ ಜೊತೆಗೆ ಹಚ್ಚಿದ ಜೆಲ್ ಆಗಿರುವುದು ತುಂಬಾ ಸಾಮಾನ್ಯ. ಜೆಲ್ ಬೇಡವೇ ಬೇಡ ಅಂತಲ್ಲ. ಸೂಕ್ಷ್ಮ ಚರ್ಮದವರಿಗೆ ಅದು ಬೇಕೇ ಬೇಕು, ತಿಕ್ಕಾಟ ಕಡಿಮೆ ಮಾಡುವುದು ಅದೇ. ಯಾವ ಜೆಲ್ ಎನ್ನುವುದು ಪ್ರಶ್ನೆ.

ನಮ್ಮ ಜಿಲ್ಲೆಯಲ್ಲಿ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ. ತಿಪಟೂರಿನ ಕೊಬ್ಬರಿ ಮನೆಮನೆಯಲ್ಲಿ ಇರುತ್ತದೆ, ಮೈಗೂ ಒಗ್ಗಿರುತ್ತದೆ. ಗಾಣದಲ್ಲಿ ತೆಗೆದ, ಏನೂ ಬೆರೆಸದ ಎಣ್ಣೆ ಹೊರಚರ್ಮಕ್ಕೆ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಆದರೆ ಲೇಟೆಕ್ಸ್ ಕಾಂಡೋಮ್ ಜೊತೆ ಯಾವ ಎಣ್ಣೆಯೂ ಕೂಡದು. ಎಣ್ಣೆ ತಾಗಿದರೆ ಲೇಟೆಕ್ಸ್ ಬಲ ಕಳೆದುಕೊಳ್ಳುತ್ತದೆ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಿನರಲ್ ಆಯಿಲ್ ಸವರಿದ ಕಾಂಡೋಮ್ 60 ಸೆಕೆಂಡಿನಲ್ಲಿ ತನ್ನ ಬಲದ ಸುಮಾರು ಶೇ 90ರಷ್ಟನ್ನು ಕಳೆದುಕೊಂಡಿತ್ತು. ನೋಡಿದರೆ ಹರಿದಂತೆ ಕಾಣುವುದಿಲ್ಲ, ಬಳಸುವಾಗ ಹರಿಯುತ್ತದೆ. ಪಾಲಿಐಸೊಪ್ರೀನ್‌ಗೂ ಎಣ್ಣೆ ಆಗದು. ಟಿಪಿಇ ವಸ್ತುವನ್ನೂ ಎಣ್ಣೆ ಕೆಡಿಸುತ್ತದೆ. ಇನ್ನು ತಲೆಗೆ ಹಚ್ಚುವ ಪರಿಮಳದ ಎಣ್ಣೆ, ಬೇಬಿ ಆಯಿಲ್, ವ್ಯಾಸಲೀನ್ ಒಳಗೆ ಬೇಡ.

ಅಂಗಡಿಯಲ್ಲಿ ಸಿಗುವುದರಲ್ಲಿ ನೀರು ಆಧಾರಿತ ಜೆಲ್ ಎಲ್ಲಾ ವಸ್ತುಗಳಿಗೂ ಹೊಂದುತ್ತದೆ. ಸಿಲಿಕೋನ್ ಆಧಾರಿತ ಜೆಲ್ ಬೇಗ ಒಣಗುವುದಿಲ್ಲ, ಚರ್ಮಕ್ಕೂ ಸೌಮ್ಯ. ಆದರೆ ಕೆಲವು ಸಿಲಿಕೋನ್ ಮಸಾಜರ್‌ಗಳ ಮೇಲೆ ಹಚ್ಚಿದರೆ ಮೇಲ್ಮೈ ಉಬ್ಬಿ ಅಂಟಾಗಬಹುದು. ಬುಡದಲ್ಲಿ ಒಂದು ಹನಿ ಹಾಕಿ ನೋಡಿ ಬಳಸುವುದು ಕ್ಷೇಮ.

ಈಗ ಜೆಲ್ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿ ಓದಿ. ಜಾಸ್ತಿ ಪ್ರಮಾಣದಲ್ಲಿರುವುದು ಮೊದಲು ಬರುವುದು ವಾಡಿಕೆ. ಮೊದಲ ಹೆಸರು ಸಾಮಾನ್ಯವಾಗಿ ನೀರು, ಪಟ್ಟಿಯಲ್ಲಿ "ಅಕ್ವಾ" ಎಂದಿರುತ್ತದೆ. ಎರಡನೆಯದೇ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಆಗಿದ್ದರೆ ಜೆಲ್ ಗಾಢವಾಗಿದೆ ಎಂದು ಅರ್ಥ. ಗಾಢ ಜೆಲ್ ಕೋಶದೊಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಕೋಶ ಬಾಡುತ್ತದೆ, ಮೇಲ್ಪದರ ಸುಲಿಯುತ್ತದೆ. ಎಷ್ಟು ಗಾಢ ಎಂಬುದನ್ನು ಆಸ್ಮೊಲಾಲಿಟಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಕೊಟ್ಟ ಸಲಹೆ ಪ್ರಕಾರ ಅದು (ಕೆ.ಜಿ.ಗೆ ಮಿಲಿಆಸ್ಮೋಲ್ ಲೆಕ್ಕದಲ್ಲಿ) 380 ಒಳಗಿದ್ದರೆ ಉತ್ತಮ, 1200 ಅಂತೂ ದಾಟಬಾರದು. ಯೋನಿಗೆ ಬಳಸುವ ಜೆಲ್ಲಿನ ಪಿಎಚ್ 4.5ರ ಆಸುಪಾಸು ಇರಬೇಕು. ಒಳ್ಳೆಯ ತಯಾರಕರು ಈ ಅಂಕಿಗಳನ್ನು ಬಾಟಲಿ ಮೇಲೆ ಅಥವಾ ವಿವರದಲ್ಲಿ ಕೊಡುತ್ತಾರೆ.

ಪಟ್ಟಿಯ ಕೊನೆಯಲ್ಲಿ ಸುಗಂಧ, ಬಣ್ಣ, ಸ್ಟ್ರಾಬೆರಿ ರುಚಿ, "ವಾರ್ಮಿಂಗ್" "ಕೂಲಿಂಗ್" ಎಂದಿದ್ದರೆ ಕೆಳಗಿಡಿ. ಬಿಸಿ ತಂಪು ಕೊಡಲು ಹಾಕುವುದು ಮೆಣಸಿನಕಾಯಿ ಸಾರ, ಮೆಂಥಾಲ್ ಥರದವು. ಗಟ್ಟಿ ಚರ್ಮಕ್ಕೆ ಅದು ಜುಂ ಅನ್ನಿಸಬಹುದು, ಇಸುಬು ಇರುವವರಿಗೆ ಬೆಂಕಿ.

ಡಬ್ಬಿ ಬಿಚ್ಚಿದ ಮೇಲೆ

ಮೊದಲು ಮೂಸಿ ನೋಡಿ. ಘಾಟು ಇದ್ದರೆ ವಾಪಸ್ ಕಳಿಸುವುದೇ ಸರಿ. ಆಮೇಲೆ ಮೊಬೈಲ್ ಟಾರ್ಚ್ ಹಾಕಿ, ವಸ್ತುವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಅಚ್ಚಿನ ಎರಡು ಭಾಗ ಸೇರಿದ ಕಡೆ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ. ಬೆರಳಿನಲ್ಲಿ ಸವರಿದರೆ ಗೊತ್ತಾಗದಷ್ಟು ಸಣ್ಣದು. ಮಣಿಕಟ್ಟಿನ ಒಳಭಾಗದ ಮೇಲೆ ಹತ್ತಿಪ್ಪತ್ತು ಸಲ ಉಜ್ಜಿ ನೋಡಿ. ಬಿಳಿ ಗೀರು ಅಥವಾ ಕೆಂಪು ಬಂದರೆ ಒಳಗೆ ಅದು ಗರಗಸದ ಕೆಲಸ ಮಾಡುತ್ತದೆ. ಗುಂಡಿ, ಚಾರ್ಜಿಂಗ್ ತೂತು, ಮುಚ್ಚಳ ಕೂರುವ ಜಾಗದ ಅಂಚುಗಳನ್ನೂ ಹೀಗೇ ನೋಡಬೇಕು.

ಜೆಲ್ಲಿಗೆ ಬೇರೆ ಪರೀಕ್ಷೆ. ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ ಹಚ್ಚಿ, ಒಂದು ವಾರ. ಅಲರ್ಜಿ ತಡವಾಗಿ ಬರುತ್ತದೆ ಎಂದೆವಲ್ವಾ, ಅದಕ್ಕೇ ಒಂದು ದಿನ ಸಾಲದು. ಏನೂ ಆಗದಿದ್ದರೆ ಮುಂದುವರಿಯಬಹುದು. ಕೈ ಚರ್ಮ ತಡೆದದ್ದನ್ನು ಅಲ್ಲಿಯ ಚರ್ಮ ತಡೆಯದೆ ಇರಬಹುದು, ಆದ್ದರಿಂದ ಮೊದಲ ಸಲ ಸ್ವಲ್ಪ ಹೊತ್ತು ಸಾಕು.

ಒಂದು ಸಲಕ್ಕೆ ಒಂದೇ ಹೊಸದು. ಹೊಸ ಮಸಾಜರ್, ಹೊಸ ಜೆಲ್, ಹೊಸ ಸೋಪು ಮೂರೂ ಒಂದೇ ದಿನ ಶುರು ಮಾಡಿದರೆ ಉರಿ ಬಂದಾಗ ಯಾವುದನ್ನು ಬಿಡಬೇಕು ಗೊತ್ತಾಗುವುದಿಲ್ಲ. ಕೂದಲು ತೆಗೆದ ದಿನವೂ ಬೇಡ. ಬ್ಲೇಡು ಕಣ್ಣಿಗೆ ಕಾಣದ ಗಾಯ ಮಾಡಿರುತ್ತದೆ, ಕ್ರೀಮು ಮೇಲ್ಪದರವನ್ನು ಸಡಿಲ ಮಾಡಿರುತ್ತದೆ. ಎರಡು ದಿನ ಬಿಡಿ. ಕಂಪನ ಕಡಿಮೆಯಿಂದ ಶುರುವಾಗಲಿ. ನೇರವಾಗಿ ತಾಗಿದರೆ ಜೋರು ಅನ್ನಿಸುವವರು ತೆಳು ಹತ್ತಿ ಬಟ್ಟೆಯ ಮೇಲಿಂದ ಬಳಸಬಹುದು. ಮರಗಟ್ಟಿದಂತಾದರೆ ನಿಲ್ಲಿಸಿ, ಮರಗಟ್ಟಿದ ಚರ್ಮಕ್ಕೆ ನೋವು ತಿಳಿಯದು. ಗುದದಲ್ಲಿ ಬಳಸುವುದಕ್ಕೆ ಬುಡ ಅಗಲವಾಗಿ ಇರಲೇಬೇಕು, ಇಲ್ಲದಿದ್ದರೆ ಒಳಗೆ ಸೇರಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. ಅಲ್ಲಿ ಬಳಸಿದ್ದನ್ನು ತೊಳೆಯದೆ ಯೋನಿಗೆ ತರಬಾರದು.

ಬೋರ್‌ವೆಲ್ ನೀರಿನಲ್ಲಿ ತೊಳೆಯುವುದು

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿನಲ್ಲಿ, ಗೀಸರ್ ರಾಡಿನ ಮೇಲೆ ಬಿಳಿ ಹೊಪ್ಪಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಗಡಸು ನೀರಿಗೆ ಸೋಪು ಸೇರಿದರೆ ನೊರೆಯ ಬದಲು ಜಿಗುಟಾದ ಕೊಳೆ ಬರುತ್ತದೆ. ತೊಳೆದೆ ಎಂದುಕೊಂಡ ಮಸಾಜರ್ ಮೇಲೆ ಇದೇ ತೆಳ್ಳಗೆ ಉಳಿಯುತ್ತದೆ. ಮುಂದಿನ ಸಲ ಅದು ನೇರವಾಗಿ ಚರ್ಮಕ್ಕೆ ತಾಗುತ್ತದೆ. ವಸ್ತುವೂ ಒಳ್ಳೆಯದು, ಜೆಲ್ಲೂ ಒಳ್ಳೆಯದು, ಆದರೂ ಉರಿ ಎನ್ನುವವರು ಇದನ್ನು ಒಮ್ಮೆ ಯೋಚಿಸಿ ನೋಡಿ.

ಪರಿಹಾರ ಸುಲಭ. ವಾಸನೆ ಇಲ್ಲದ, ಸೌಮ್ಯವಾದ ದ್ರವ ಸೋಪು ಎರಡು ಹನಿ ಸಾಕು. ಕೊನೆಯ ಸಲ ತೊಳೆಯಲು ಕುಡಿಯುವ ಫಿಲ್ಟರ್ ನೀರು ಅಥವಾ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಒಂದು ಚೊಂಬು ಬಳಸಿ. ಬಿಳಿ ಕಲೆ ಕಟ್ಟಿದ್ದರೆ ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ, ಚೆನ್ನಾಗಿ ತೊಳೆಯಿರಿ. ಮೋಟಾರ್ ಇಲ್ಲದ ಅಪ್ಪಟ ಸಿಲಿಕೋನ್ ಮತ್ತು ಸ್ಟೀಲನ್ನು ಐದು ನಿಮಿಷ ಕುದಿಸಬಹುದು. ಮೋಟಾರ್ ಇರುವುದನ್ನು ಕುದಿಸಬಾರದು. ಗಾಯಕ್ಕೆ ಹಾಕುವ ಆ್ಯಂಟಿಸೆಪ್ಟಿಕ್ ದ್ರಾವಣ, ಸ್ಯಾನಿಟೈಸರ್, ಪಾತ್ರೆ ತೊಳೆಯುವ ನಿಂಬೆ ವಾಸನೆಯ ಸೋಪು ಯಾವುದೂ ಬೇಡ. ಇವುಗಳ ಉಳಿಕೆಯೇ ಮತ್ತೆ ಉರಿಸುತ್ತದೆ.

ನೆರಳಿನಲ್ಲಿ ಪೂರ್ತಿ ಒಣಗಿಸಿ ಹತ್ತಿ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆ ಉಳಿದರೆ ಬೂಷ್ಟು ಬರುತ್ತದೆ. ಸಿಲಿಕೋನ್ ಮತ್ತು ಟಿಪಿಇ ಒಂದಕ್ಕೊಂದು ತಾಗದಿರಲಿ.

ಲೇಬಲ್ ಯಾಕೆ ಇಷ್ಟು ಗೊಂದಲ?

ಭಾರತದಲ್ಲಿ ಇವನ್ನು ಹೆಸರು ಹೇಳಿ ನಿಷೇಧಿಸುವ ಕಾನೂನಿಲ್ಲ. ಆದರೆ ಅಶ್ಲೀಲ ವಸ್ತುಗಳ ಮಾರಾಟ, ಪ್ರದರ್ಶನವನ್ನು ತಡೆಯುವ ಕಲಂ ಇದೆ. ಮೊದಲು ಐಪಿಸಿಯ 292, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294. ಈ ಅಂಜಿಕೆಯಿಂದ ಮಾರುವವರು "ಪರ್ಸನಲ್ ಮಸಾಜರ್" ಎಂದು ಬರೆಯುತ್ತಾರೆ. ಎಲ್ಲಿ ಬಳಸುವುದು ಎಂದೇ ಹೇಳದ ಮೇಲೆ ಆ ಜಾಗದ ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಹೇಳುವುದು ದೂರದ ಮಾತು.

ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆ ನಿಯಮ 14 ವರ್ಷದೊಳಗಿನವರ ಆಟಿಕೆಗೆ ಮಾತ್ರ. ದೊಡ್ಡವರ ಈ ವಸ್ತುಗಳಿಗೆ ಅಂತರರಾಷ್ಟ್ರೀಯ ಮಾನದಂಡ ಒಂದಿದೆ, ಐಎಸ್‌ಒ 3533, 2021ರಲ್ಲಿ ಬಂದದ್ದು. ವಿವರದಲ್ಲಿ ಅದರ ಹೆಸರಿದ್ದರೆ ಒಳ್ಳೆಯ ಲಕ್ಷಣ. "ಬಾಡಿ ಸೇಫ್" ಎಂಬ ಮಾತನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಡಬ್ಬಿಯ ಮೇಲೆ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ಯಾವ ದೇಶದ್ದು, ದೂರು ಹೇಳುವ ನಂಬರು ಇರಬೇಕಾದದ್ದು ಪೊಟ್ಟಣದ ಸರಕುಗಳ ನಿಯಮ. ಅದೂ ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಉರಿ, ತುರಿಕೆ ಬಂದುಬಿಟ್ಟರೆ

ಎಲ್ಲವನ್ನೂ ನಿಲ್ಲಿಸಿ. ತಣ್ಣೀರಿನಲ್ಲಿ ತೊಳೆಯಿರಿ. ಸಡಿಲವಾದ ಹತ್ತಿ ಒಳಉಡುಪು ಹಾಕಿ. ಅರಿಶಿನ, ಬೇವಿನ ರಸ, ನಿಂಬೆಹಣ್ಣು ಹಚ್ಚಬೇಡಿ. ಮೆಡಿಕಲ್ ಸ್ಟೋರಿನಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದು ಕೇಳಿದರೆ ಸ್ಟೆರಾಯ್ಡ್ ಬೆರೆತ ಕ್ರೀಮ್ ಕೈಗೆ ಬರುವ ಸಾಧ್ಯತೆ ಜಾಸ್ತಿ. ಎರಡು ದಿನ ಹಾಯೆನಿಸುತ್ತದೆ. ತುರಿಕೆ ಫಂಗಸ್‌ನಿಂದ ಬಂದದ್ದಾದರೆ ಅದೇ ಕ್ರೀಮು ಫಂಗಸ್ಸನ್ನು ಇನ್ನಷ್ಟು ಹರಡಿಸುತ್ತದೆ, ಚರ್ಮವನ್ನೂ ತೆಳು ಮಾಡುತ್ತದೆ.

ಎರಡು ಮೂರು ದಿನಕ್ಕೆ ಇಳಿಯದಿದ್ದರೆ, ಗುಳ್ಳೆ ಎದ್ದರೆ, ರಕ್ತ ಬಂದರೆ, ಬಿಳಿಸೆರಗು ವಾಸನೆ ಬಂದರೆ ಅಥವಾ ಮೊಸರಿನಂತೆ ಬಂದರೆ, ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಎಲ್ಲ ತುರಿಕೆಗೂ ಮಸಾಜರ್ ಕಾರಣವಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಫಂಗಸ್ ಮತ್ತೆ ಮತ್ತೆ ಬರುತ್ತದೆ. ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗದಲ್ಲಿ ಆ ಭಾಗ ಬೆಳ್ಳಗಾಗಿ ತುರಿಸುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನಲ್ಲಿ ಲೈಂಗಿಕ ಆರೋಗ್ಯದ ವಿಭಾಗ ನಡೆಯುತ್ತದೆ. ತಪಾಸಣೆ, ಔಷಧಿ ಎರಡೂ ಉಚಿತ, ಹೇಳಿದ್ದು ಗುಟ್ಟಾಗಿ ಇರುತ್ತದೆ.

ಅಲರ್ಜಿ ಯಾವುದಕ್ಕೆ ಎಂದು ಖಚಿತವಾಗಿ ತಿಳಿಯಲು ಪ್ಯಾಚ್ ಟೆಸ್ಟ್ ಇದೆ. ತುಮಕೂರಿನಲ್ಲೇ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿಯ ಚರ್ಮರೋಗ ವಿಭಾಗದಲ್ಲಿ ಕೇಳಬಹುದು. ನಿಕ್ಕಲ್, ಸುಗಂಧ, ಪ್ಯಾರಾಬೆನ್ ಎಂಬ ಸಂರಕ್ಷಕ, ರಬ್ಬರ್ ರಾಸಾಯನಿಕ, ಪಾರ್ಥೇನಿಯಂ ಮುಂತಾದವನ್ನು ಸಣ್ಣ ಬಿಲ್ಲೆಗಳಲ್ಲಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಕಳೆದು ತೆಗೆಯುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆ ಮಾಡುವಂತಿಲ್ಲ. ಹೋಗುವಾಗ ಜೆಲ್ ಬಾಟಲಿ, ಸೋಪಿನ ಹೊದಿಕೆ, ಮಸಾಜರ್ ಬಂದ ಡಬ್ಬಿ ಜೊತೆಯಲ್ಲಿರಲಿ. ಡಬ್ಬಿ ಎಸೆದಿದ್ದರೆ, ಯಾವುದರಿಂದ ಮಾಡಿದ್ದು ಎಂದು ಬರೆದಿರುವ ಆರ್ಡರ್ ಪುಟದ ಫೋಟೊ ಮೊಬೈಲಿನಲ್ಲಿ ತೋರಿಸಿದರೂ ಸಾಕು.